ಸಿಂಗಪುರದ ಕನಸಿಗೆ ಗುಂಡ್ಲುಪೇಟೆಯ ಗುಡ್ಡ

ಬೆಂಗಳೂರನ್ನು ಸಿಂಗಪುರವನ್ನಾಗಿ ಮಾಡುವ ಮಾತು ಕರ್ನಾಟಕದ ರಾಜಕಾರಣದಲ್ಲಿ ಹುಟ್ಟಿ ಕಾಲು ಶತಮಾನ ಕಳೆದಿದೆ. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಹೆಸರಿನೊಡನೆ ಆ ಮಾತು ಅಂಟಿಕೊಂಡಿದೆ. ಆ ಬಳಿಕ ಪಕ್ಷಗಳು ಬದಲಾದವು. ಕನಸು ಮಾತ್ರ ಬದಲಾಗಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗರಿಗೆ ಇದು ರಾಜಧಾನಿಯ ದೊಡ್ಡವರ ಮಾತೆಂದು ತೋರಬಹುದು. ಆದರೆ ಗಾಜಿನ ಗೋಪುರ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದರ ಅಡಿಪಾಯಕ್ಕೆ ಜಲ್ಲಿ ಬೇಕು, ಗೋಡೆಗೆ ಮರಳು ಬೇಕು, ಅಂಗಳಕ್ಕೆ ನುಣುಪಾದ ಕರಿಕಲ್ಲು ಬೇಕು. ಇವೆಲ್ಲವೂ ಯಾವುದೋ ಒಂದು ಊರಿನ ಗುಡ್ಡದಿಂದಲೇ ಬರಬೇಕು. ಆದ್ದರಿಂದ ಸಿಂಗಪುರ ಎಂಬ ಆ ಮಾದರಿ ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನು ಮೊದಲು ತಿಳಿಯಬೇಕಾದವರು ಗುಡ್ಡದ ಬುಡದಲ್ಲಿ ಬದುಕುವವರೇ.

ಬೆಟ್ಟ ಕಡಿದು ಕಟ್ಟಿದ ಪೇಟೆ

ಸಿಂಗಪುರವೆಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಆ ದ್ವೀಪದ ದಕ್ಷಿಣದ ಅಂಚಿನಲ್ಲಿರುವ ಕೇಂದ್ರ ವಾಣಿಜ್ಯ ಪ್ರದೇಶದ್ದು. ರಾಫಲ್ಸ್ ಪ್ಲೇಸ್, ಶೆಂಟನ್ ವೇ, ಮರೀನಾ ಬೇ ಎಂಬ ಹೆಸರುಗಳ ಆ ನೆಲದಲ್ಲಿ ಬ್ಯಾಂಕುಗಳು, ವಿಮಾ ಕಂಪನಿಗಳು, ಹಡಗು ವ್ಯಾಪಾರದ ಕಚೇರಿಗಳು ಒತ್ತೊತ್ತಾಗಿ ನಿಂತಿವೆ. 280 ಮೀಟರು ಎತ್ತರದ ಕಟ್ಟಡಗಳು ಅಲ್ಲಿ ಒಂದಕ್ಕಿಂತ ಹೆಚ್ಚಿವೆ. ಪ್ರವಾಸದಿಂದ ಮರಳುವ ಮಂತ್ರಿಗಳೂ ಅಧಿಕಾರಿಗಳೂ ಹೊತ್ತು ತರುವ ಛಾಯಾಚಿತ್ರ ಇದೇ.

ಆ ಛಾಯಾಚಿತ್ರದಲ್ಲಿ ಕಾಣದ ಸಂಗತಿಯೊಂದಿದೆ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಅಲ್ಲಿ ಕೋಠಿ ಸ್ಥಾಪಿಸಿದ ಸ್ಟ್ಯಾಂಫರ್ಡ್ ರಾಫಲ್ಸ್, 1822ರಲ್ಲಿ ಮರಳಿ ಬಂದಾಗ ವ್ಯಾಪಾರಕ್ಕೆ ಹದವಾದ ಜಾಗಕ್ಕಾಗಿ ಹುಡುಕಿದನು. ನದಿಯ ದಕ್ಷಿಣ ದಡ ಕೆಸರಿನ ಜೌಗು. ಅದರ ಪಕ್ಕದಲ್ಲಿ ಒಂದು ಸಣ್ಣ ಗುಡ್ಡ. ಗುಡ್ಡವನ್ನು ಒಡೆದು ಅದರ ಮಣ್ಣುಕಲ್ಲುಗಳಿಂದ ಜೌಗನ್ನು ತುಂಬಲು ಆದೇಶವಾಯಿತು. ನೂರಾರು ಕೂಲಿಗಳು ಗುಡ್ಡವನ್ನು ಕಡಿದರು. ಮಣ್ಣು ಬಿದ್ದಲ್ಲಿ ಬೋಟ್ ಕೀ ಎಂಬ ದೋಣಿಕಟ್ಟೆ ಎದ್ದಿತು. ಗುಡ್ಡವಿದ್ದಲ್ಲಿ ವಾಣಿಜ್ಯ ಚೌಕ ಬಂದಿತು. ಆ ಚೌಕವೇ 1858ರಲ್ಲಿ ರಾಫಲ್ಸ್ ಪ್ಲೇಸ್ ಆಯಿತು. ಜಗತ್ತಿನ ಪ್ರಸಿದ್ಧ ವ್ಯಾಪಾರ ಕೇಂದ್ರವೊಂದರ ಮೊದಲ ಕೆಲಸವೇ ಒಂದು ಗುಡ್ಡದ ಕೊಲೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ತೆಲೋಕ್ ಆಯರ್ ಎಂಬ ಬೀದಿ ಒಂದು ಕಾಲಕ್ಕೆ ಕಡಲ ದಂಡೆ. ದಕ್ಷಿಣ ಭಾರತದಿಂದ ಹೋದ ಚೂಲಿಯಾ ಮುಸಲ್ಮಾನರು ಕಟ್ಟಿದ ನಾಗೂರ್ ದರ್ಗಾ, ಚೀನೀ ವಲಸಿಗರು ಕಟ್ಟಿದ ಕಡಲ ದೇವಿಯ ಗುಡಿ ಎರಡೂ ಆ ದಂಡೆಯಲ್ಲಿ ಅಲೆಗಳಿಗೆ ಮುಖಮಾಡಿ ನಿಂತಿದ್ದವು. 1879ರಿಂದ ಮೌಂಟ್ ವಾಲಿಕ್ ಮುಂತಾದ ಗುಡ್ಡಗಳನ್ನು ಕೆಡವಿ ಆ ಕಡಲನ್ನು ತುಂಬಲಾಯಿತು. ಈಗ ಗುಡಿಯ ಬಾಗಿಲಿನಿಂದ ಕಡಲು ಕಾಣುವುದಿಲ್ಲ. ಮೌಂಟ್ ವಾಲಿಕ್ ಕೂಡ ಇಲ್ಲ. ಉಳಿದಿರುವುದು ವಾಲಿಕ್ ಸ್ಟ್ರೀಟ್ ಎಂಬ ಬೀದಿಯ ಹೆಸರು. 2016ರಲ್ಲಿ ಪೂರ್ಣಗೊಂಡಾಗ ಆ ನಗರದ ಅತಿ ಎತ್ತರದ ಕಟ್ಟಡವೆನಿಸಿದ 290 ಮೀಟರಿನ ಗುವೊಕೊ ಗೋಪುರದ ವಿಳಾಸ ಅದೇ ಬೀದಿ. ಬೆಟ್ಟ ಹೋಯಿತು, ಬೆಟ್ಟದ ಹೆಸರಿನಲ್ಲಿ ಗೋಪುರ ಬಂದಿತು.

ನೆರೆಯವರ ಬಾಗಿಲು

ಸ್ವಂತ ಗುಡ್ಡಗಳು ತೀರಿದ ಮೇಲೆ ನೆರೆಯವರ ಮರಳಿನ ಸರದಿ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರು ಇದ್ದ ದೇಶ ಇಂದು 730 ಚದರ ಕಿಲೋಮೀಟರು ದಾಟಿದೆ. ಮರೀನಾ ಬೇ ಸುತ್ತಲಿನ ನೆಲವೆಲ್ಲ 1970ರ ದಶಕದಿಂದೀಚೆಗೆ ಕಡಲಿಗೆ ಮಣ್ಣು ಸುರಿದು ಪಡೆದದ್ದು. ಮರಳು ಬಂದದ್ದು ಮಲೇಷ್ಯಾ, ಇಂಡೋನೇಷ್ಯಾ, ಕಾಂಬೋಡಿಯಾಗಳಿಂದ. ಅಲ್ಲಿನ ದಂಡೆಗಳು ಕುಸಿದವು, ಮೀನುಗಾರರ ಬಲೆ ಬರಿದಾಯಿತು. ಮಲೇಷ್ಯಾ 1997ರಲ್ಲಿ ಮರಳಿನ ರಫ್ತನ್ನು ನಿಷೇಧಿಸಿತು. ಇಂಡೋನೇಷ್ಯಾ 2003ರಲ್ಲಿ ಕಡಲ ಮರಳಿಗೂ 2007ರಲ್ಲಿ ನೆಲದ ಮರಳಿಗೂ ತಡೆ ಹಾಕಿತು. 2017ರಲ್ಲಿ ಕಾಂಬೋಡಿಯಾ ಬಾಗಿಲು ಮುಚ್ಚಿತು. 2023ರಲ್ಲಿ ಇಂಡೋನೇಷ್ಯಾ ಸರ್ಕಾರ ಕಡಲ ಮರಳಿನ ತಡೆಯನ್ನು ಸಡಿಲಿಸಿದಾಗ ಅಲ್ಲಿನ ಮೀನುಗಾರರೂ ಪರಿಸರ ಸಂಘಟನೆಗಳೂ ವಿರೋಧಿಸಿದವು.

ಕಲ್ಲಿನ ಕಥೆಯೂ ಇದೇ. ಬುಕಿಟ್ ತಿಮಾ ಸಿಂಗಪುರದ ಅತಿ ಎತ್ತರದ ಬೆಟ್ಟ. ಎತ್ತರ 163 ಮೀಟರು. ಮಲಯ ಭಾಷೆಯಲ್ಲಿ ಬುಕಿಟ್ ಎಂದರೇ ಬೆಟ್ಟ. ಅದರ ಸುತ್ತಲೂ, ಪಕ್ಕದ ಪುಲಾವ್ ಉಬಿನ್ ದ್ವೀಪದಲ್ಲೂ ಗ್ರಾನೈಟ್ ಕ್ವಾರಿಗಳಿದ್ದವು. ಸಿಂಗಪುರ ಅವನ್ನು ಒಂದೊಂದಾಗಿ ಮುಚ್ಚಿತು. ಉಬಿನ್‌ನ ಕೊನೆಯ ಕ್ವಾರಿ 1999ರಲ್ಲಿ ನಿಂತಿತು. ಬುಕಿಟ್ ತಿಮಾದ ಕಾಡು ಕಾನೂನಿನ ರಕ್ಷಣೆಯಲ್ಲಿದೆ. ಹಳೆಯ ಕ್ವಾರಿಗಳು ಉದ್ಯಾನಗಳಾಗಿವೆ. ಆದರೆ ಗೋಪುರಗಳ ಹಸಿವು ನಿಲ್ಲಲಿಲ್ಲ. ಕಲ್ಲು ಹೊರದೇಶಗಳಿಂದ ಬಂದಿತು. ಬೆಟ್ಟದ ಬೆಲೆ ಸಿಂಗಪುರಕ್ಕೆ ಚೆನ್ನಾಗಿ ತಿಳಿದಿದೆ. ತಿಳಿದುದರಿಂದಲೇ ಅದು ತನ್ನ ಬೆಟ್ಟವನ್ನು ಬೇಲಿಯೊಳಗಿಟ್ಟು ಪರರ ಬೆಟ್ಟವನ್ನು ಕೊಂಡುಕೊಂಡಿತು.

ಗಡಿಯಿಲ್ಲದ ಗುಡ್ಡಗಳು

ಈಗ ಚಾಮರಾಜನಗರ ಜಿಲ್ಲೆಯ ಕಡೆಗೆ ನೋಡಬೇಕು. ಇಲ್ಲಿನ ಕರಿಕಲ್ಲು ದಶಕಗಳಿಂದ ಹೊರದೇಶಗಳಿಗೆ ಹೋಗುತ್ತಿದೆ. ಬಂಡೆಯನ್ನು ಸೀಳಿ ದಿಮ್ಮಿಯಾಗಿ ಎತ್ತುವಾಗ ಮಾರಾಟಕ್ಕೆ ಯೋಗ್ಯವಾಗುವುದು ಸ್ವಲ್ಪ ಭಾಗ. ಉಳಿದ ಬಹುಪಾಲು ಅಲ್ಲಿಯೇ ತ್ಯಾಜ್ಯದ ರಾಶಿಯಾಗಿ ಬೀಳುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಬಿಳಿಕಲ್ಲಿನ ಗುಡ್ಡಗಳು ಕ್ರಷರಿಗೆ ಬಿದ್ದು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಟಿಪ್ಪರುಗಳಲ್ಲಿ ನಗರಗಳ ಕಡೆಗೆ ಸಾಗುತ್ತವೆ. ಹೊಳೆಯ ಮರಳನ್ನು ಉಳಿಸಲು ಬಂದ ಉಪಾಯವೇ ಗುಡ್ಡಕ್ಕೆ ಕುತ್ತಾಯಿತು.

ಮಳೆಯ ನೆರಳಿನ ಈ ಸೀಮೆಯಲ್ಲಿ ಗುಡ್ಡವೆಂದರೆ ಬರಿಯ ಕಲ್ಲಿನ ಗುಪ್ಪೆಯಲ್ಲ. ಬಿದ್ದ ಮಳೆ ಅದರ ಇಳಿಜಾರಿನಲ್ಲಿ ಹರಿದು ಕೆರೆ ಸೇರುತ್ತದೆ. ಬಿರುಕುಗಳಲ್ಲಿ ಇಂಗಿ ಬಾವಿಗೆ ಒಸರುತ್ತದೆ. ಬುಡದ ಗೋಮಾಳದಲ್ಲಿ ಆಡು, ಕುರಿ, ದನಗಳು ಮೇಯುತ್ತವೆ. ಕ್ವಾರಿ ಬಂದಲ್ಲಿ ನೀರಿನ ಹಾದಿ ತುಂಡಾಗುತ್ತದೆ. ಮದ್ದು ಸಿಡಿದ ಸದ್ದಿಗೆ ಮನೆಯ ಗೋಡೆ ಬಿರಿಯುತ್ತದೆ. ಅರಿಸಿನ, ಬಾಳೆ, ಚೆಂಡುಹೂವಿನ ಎಲೆಗಳ ಮೇಲೆ ಬಿಳಿಯ ದೂಳು ಕೂರುತ್ತದೆ. ಕಡಿದ ಮರದ ಜಾಗದಲ್ಲಿ ಸಸಿ ನೆಡಬಹುದು. ಕಡಿದ ಗುಡ್ಡದ ಜಾಗದಲ್ಲಿ ನೆಡುವುದೇನನ್ನು?

2022ರ ಮಾರ್ಚ್ ತಿಂಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿಯಿತು. ಹೊರರಾಜ್ಯದಿಂದ ದುಡಿಯಲು ಬಂದಿದ್ದ ಕಾರ್ಮಿಕರು ಬಂಡೆಗಳ ಅಡಿಯಲ್ಲಿ ಸತ್ತರು. ಕೆಲವು ದಿನ ಪತ್ರಿಕೆಗಳು ಬರೆದವು, ಗಣ್ಯರು ಬಂದು ಹೋದರು. ಆ ಕಲ್ಲಿನಿಂದ ಎದ್ದ ಕಟ್ಟಡಗಳಲ್ಲಿ ಕೂತವರ ಪೈಕಿ ಮಡಹಳ್ಳಿಯ ಹೆಸರು ಎಷ್ಟು ಮಂದಿಗೆ ನೆನಪಿದೆ?

ಇಂಡೋನೇಷ್ಯಾದ ದ್ವೀಪಗಳಿಗೂ ಗುಂಡ್ಲುಪೇಟೆಯ ಗುಡ್ಡಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಇಂಡೋನೇಷ್ಯಾ ಸ್ವತಂತ್ರ ದೇಶ. ಅದು ತನ್ನ ಬಂದರಿನಲ್ಲಿ ನಾವೆಯನ್ನು ತಡೆಯಬಲ್ಲದು. ಗುಂಡ್ಲುಪೇಟೆಗೂ ನಗರಗಳಿಗೂ ನಡುವೆ ಅಂಥ ಗಡಿಯಿಲ್ಲ. ಕ್ವಾರಿಯ ಗುತ್ತಿಗೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಇಲಾಖೆಯ ಕಚೇರಿಯಲ್ಲಿ ನಿಶ್ಚಯವಾಗುತ್ತದೆ. ಗುಡ್ಡದ ಬುಡದ ಹಳ್ಳಿಗೆ ಮೊದಲು ತಲುಪುವ ಸುದ್ದಿ ಜೆಸಿಬಿಯ ಸದ್ದು. ಸಿಂಗಪುರ ಪರದೇಶದ ಮಣ್ಣನ್ನು ಹಣ ಕೊಟ್ಟು ತಂದಿತು. ಸಿಂಗಪುರವಾಗ ಹೊರಟ ಊರು ತನ್ನದೇ ನಾಡಿನ ಮಣ್ಣನ್ನು ಕೇಳದೆಯೇ ಒಯ್ಯುತ್ತಿದೆ.

ಅನುಕರಣೆಯೂ ಅರೆಬರೆ

ಹೋಗಲಿ, ಸಿಂಗಪುರದ ಒಳ್ಳೆಯದನ್ನಾದರೂ ಕಲಿತರೇ? 1975ರಲ್ಲಿಯೇ ಸಿಂಗಪುರ ತನ್ನ ವಾಣಿಜ್ಯ ಕೇಂದ್ರವನ್ನು ದಟ್ಟಣೆಯ ಹೊತ್ತಿನಲ್ಲಿ ಹೊಗುವ ಕಾರುಗಳಿಗೆ ಶುಲ್ಕ ವಿಧಿಸಿತು. ಸಿಂಗಪುರ ನದಿಯನ್ನು 1977ರಿಂದ ಹತ್ತು ವರ್ಷ ಹಿಡಿದು ಶುದ್ಧಗೊಳಿಸಿತು. 2008ರಲ್ಲಿ ಮರೀನಾ ಬೇ ಬಾಯಿಗೆ ಕಟ್ಟೆ ಕಟ್ಟಿ, ಆ ಗೋಪುರಗಳ ಮೇಲೆ ಬಿದ್ದ ಮಳೆಯೂ ಕುಡಿಯುವ ನೀರಾಗುವಂತೆ ಮಾಡಿತು. ಅಲ್ಲಿ ವಾಣಿಜ್ಯ ಕೇಂದ್ರವೇ ಕೆರೆಯ ಅಚ್ಚುಕಟ್ಟು.

ಬೆಂಗಳೂರು ಮಾಡಿದ್ದು ಇದಕ್ಕೆ ತಿರುಗುಮುರುಗು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಬಂದಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಬಂದಿತು. ಮನೆಯಂಗಳದ ಕೆರೆಗಳನ್ನು ಮುಚ್ಚಿದ ನಗರ 1974ರಿಂದ ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಎತ್ತಿ ಒಯ್ಯುತ್ತಿದೆ. 2024ರಲ್ಲಿ ಆ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ಸಿಂಗಪುರದಿಂದ ಬಂದದ್ದು ಗಾಜಿನ ಕಟ್ಟಡದ ಆಸೆಯೇ ಹೊರತು ನೀರಿನ ಲೆಕ್ಕವಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ. ಇಲ್ಲಿ ಬರೆ ಬಿದ್ದುದು ನರಿಯ ಮೈಮೇಲಲ್ಲ, ಗುಡ್ಡಗಳ ಮೈಮೇಲೆ ಎಂಬುದೇ ವಿಶೇಷ.

ನಗರ ಬೆಳೆದರೆ ಹಳ್ಳಿಯ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬುದು ಹಳೆಯ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ. ಈ ತಾಲ್ಲೂಕುಗಳ ಯುವಕ ಯುವತಿಯರು ಬೆಂಗಳೂರಿನಲ್ಲಿ ದುಡಿದು ಮನೆಗೆ ಹಣ ಕಳಿಸುತ್ತಾರೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಕೆರೆ ಬತ್ತಿ, ಬಾವಿ ಒಣಗಿ, ಗೋಮಾಳ ಕ್ವಾರಿಯಾದ ಮೇಲೆ ಊರು ಬಿಟ್ಟವನು ಗೋಪುರದ ಬಾಗಿಲಲ್ಲಿ ಕಾವಲು ನಿಂತರೆ ಅದನ್ನು ಅಭಿವೃದ್ಧಿ ಎನ್ನುವುದೋ, ಒಕ್ಕಲೆಬ್ಬಿಸಿದ್ದು ಎನ್ನುವುದೋ? ಗುಡ್ಡವೂ ಹೋಯಿತು, ಗುಡ್ಡದ ಮಗನೂ ಹೋದನು.

ಬಾಗಿಲು ಮುಚ್ಚುವ ಬಲ

ಆದರೆ ಈ ಜಿಲ್ಲೆ ನಗರದ ಅವಸರಕ್ಕೆ ಎಂದೂ ತಡೆ ಹಾಕಿಲ್ಲವೆಂದು ಯಾರೂ ಹೇಳುವಂತಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿಗಳ ಆದೇಶದಿಂದ ಆರಂಭವಾದ ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗಳ ಮೂಲಕ, ಹುಲಿ ರಕ್ಷಿತಾರಣ್ಯದೊಳಗೇ ಸಮುದಾಯ ಹಕ್ಕು ಪಡೆದರು. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿ ಅದರೊಳಗೆ ಗಣಿಗಾರಿಕೆಗೆ ತಡೆ ಬಿದ್ದಿತು. ಆ ಗೆರೆಯ ಹೊರಗೆ ಉಳಿದ ಗುಡ್ಡಗಳಿಗೆ ಅಂಥ ಆಸರೆಯಿಲ್ಲ. ಅವುಗಳ ಪರವಾಗಿ ಮಾತನಾಡಬೇಕಾದದ್ದು ಗ್ರಾಮಸಭೆಯೇ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಬೇಕು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾವ ಗುಡ್ಡಕ್ಕೂ ಗುತ್ತಿಗೆ ಬೇಡ. ಕೆರೆಗೆ ನೀರುಣಿಸುವ ಗುಡ್ಡಗಳನ್ನು ಗುರುತಿಸಿ ಕ್ವಾರಿಯಿಂದ ಶಾಶ್ವತವಾಗಿ ಹೊರಗಿಡಬೇಕು. ಕೆಡವಿದ ಕಟ್ಟಡಗಳ ಕಲ್ಲುಗಾರೆಯನ್ನು ನಗರ ಮತ್ತೆ ಬಳಸದೆ ಹೊಸ ಜಲ್ಲಿಗೆ ಕೈಚಾಚಬಾರದು. ವಿದ್ಯಾರ್ಥಿಗಳು ತಮ್ಮ ಊರಿನ ಗುಡ್ಡಗಳ ಹೆಸರು, ಅವುಗಳಿಂದ ನೀರು ಪಡೆಯುವ ಕೆರೆ, ಮೇಯುವ ದನಕರುಗಳ ಲೆಕ್ಕವನ್ನು ಬರೆದಿಡಬೇಕು. ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಅದನ್ನು ಸೇರಿಸಬೇಕು. ಬರಹದಲ್ಲಿಲ್ಲದ ಗುಡ್ಡ ಇಲಾಖೆಯ ನಕಾಶೆಯಲ್ಲಿ ಬರಿಯ ಸರ್ವೆ ನಂಬರು.

ಸಿಂಗಪುರದ ಬೀದಿಯೊಂದರಲ್ಲಿ ಇಲ್ಲದ ಬೆಟ್ಟದ ಹೆಸರು ಇನ್ನೂ ಫಲಕದ ಮೇಲಿದೆ. ಗುಂಡ್ಲುಪೇಟೆಯ ಗುಡ್ಡಗಳು ಹೋದರೆ ಯಾವ ನಗರದ ಯಾವ ಬೀದಿಯೂ ಅವುಗಳ ಹೆಸರನ್ನು ಇಟ್ಟುಕೊಳ್ಳುವುದಿಲ್ಲ.