ಮೂವತ್ತು ಬಾಟಲಿ ಶಾಬ್ಲಿ ಮತ್ತು ಒಂದು ಪೊಟ್ಟಣ ಮರದ ಪುಡಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಯಾವಾಗಲೂ ಹೇಳುವ ಹಾಗೆ ಆಫೀಸಿನ ಮೇಲೆ ಗೂಬೆ ಕೂರಿಸಲ್ಲ. ಈ ಸಲದ ಕಾರಣ ನಮ್ಮ ಬೇಸ್‌ಮೆಂಟಿನಲ್ಲಿ ಕೂತಿರುವ 23 ಲೀಟರಿನ ಗಾಜಿನ ಬುರುಡೆ. (ಇಂಥ ವಿಷಯ ಇಷ್ಟವಿಲ್ಲದವರು ಇಲ್ಲಿಂದಲೇ ವಾಪಸ್ ಹೋಗಬಹುದು, ಬೇಜಾರಿಲ್ಲ :-))

ನಾನಿರುವ ಟೊರಾಂಟೋ ಕಡೆ ಮನೆಯಲ್ಲೇ ವೈನ್ ಮಾಡೋದು ಏನೂ ದೊಡ್ಡ ಸಂಗತಿಯಲ್ಲ. ಸ್ವಂತಕ್ಕೆ ಮಾಡಿಕೊಂಡರೆ ಕಾನೂನೂ ಕೇಳಲ್ಲ. ಅಂಗಡಿಯಲ್ಲಿ ಕಿಟ್ ಸಿಗತ್ತೆ: ಒಂದು ಚೀಲದಲ್ಲಿ ದ್ರಾಕ್ಷಿ ರಸ, ಈಸ್ಟ್, ಬೆಂಟೊನೈಟ್ ಅನ್ನೋ ಜೇಡಿಮಣ್ಣು, ಸಲ್ಫೈಟ್, ಸಾರ್ಬೇಟ್, ತಿಳಿಯಾಗಿಸುವ ಎರಡು ಪೊಟ್ಟಣ. ನೀರು ಬೆರೆಸಿ 23 ಲೀಟರ್ ಮಾಡಿದರೆ ಮೂವತ್ತು ಬಾಟಲಿ. ನನಗೆ ಶಾಬ್ಲಿ ಅಂದ್ರೆ ಪ್ರಾಣ. ಆದರೆ ಅದರ ಬೆಲೆ ನೋಡಿದರೆ ತಿಂಗಳಿಗೊಂದು ಬಾಟಲಿಯೇ ಹೆಚ್ಚು. 2016 ಮತ್ತು 2021ರ ಏಪ್ರಿಲ್‌ನಲ್ಲಿ ಅಲ್ಲಿ ಹಿಮ ಬಿದ್ದು ಚಿಗುರು ಸುಟ್ಟು ಹೋದ ಮೇಲಂತೂ ಕೇಳೋದೇ ಬೇಡ. ರಾತ್ರಿಯೆಲ್ಲಾ ತೋಟದಲ್ಲಿ ಮೇಣದ ಡಬ್ಬಿ ಹಚ್ಚಿಟ್ಟು ಬಳ್ಳಿ ಕಾಯ್ತಾರೆ ಪಾಪ. ಅಂಥವರ ಹತ್ತಿರ ಚೌಕಾಸಿ ಮಾಡೋಕೆ ನನಗೇನು ಹಕ್ಕು? ಸರಿ, ನಾನೇ ಮಾಡ್ಕೊಳ್ಳೋಣ ಅಂತ ಹೊರಟೆ.

ಅಂಗಡಿಯವ ಕಪಾಟಿನ ಅತಿ ದುಬಾರಿ ಶಾರ್ಡನೆ ಕಿಟ್ ಇಳಿಸಿಕೊಟ್ಟ. ‘ಶಾಬ್ಲಿ ಶಾರ್ಡನೆಯದ್ದೇ ತಾನೇ, ಇದೇ ಬೆಸ್ಟ್’ ಅಂದ. ದ್ರಾಕ್ಷಿ ವಿಷಯದಲ್ಲಿ ಅವನು ಹೇಳಿದ್ದು ನಿಜವೇ. ನಾನೂ ಗಂಭೀರವಾಗಿ ತಲೆಯಾಡಿಸಿ, ಕಿಟ್ಟಿನೊಳಗಿದ್ದ ಓಕ್ ಪುಡಿ, ಓಕ್ ಚಕ್ಕೆ ಎಲ್ಲಾ ಸುರಿದೆ. ಕಾಸು ಕೊಟ್ಟಿದ್ದೀನಲ್ಲ, ಬಿಡೋದ್ಯಾಕೆ!

ಮೂರು ತಿಂಗಳು ಬಿಟ್ಟು ಸ್ನೇಹಿತರನ್ನೆಲ್ಲಾ ಊಟಕ್ಕೆ ಕರೆದೆ. ಕರೆಯುವಾಗಲೇ ‘ಶಾಬ್ಲಿ ಮಾಡಿದ್ದೀನಿ’ ಅಂತ ಡಂಗುರ ಬೇರೆ. ಒಬ್ಬ ಗೆಳೆಯ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೆನ್ನಾಗಿದೆ ಮಾರಾಯ, ಆದ್ರೆ ಹೊಸ ಬೀರು ತೆಗೆದ ಹಾಗಿದೆ’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಉರೀತಿತ್ತು. ಇನ್ನೂ ಇಪ್ಪತ್ತಾರು ಬಾಟಲಿ ಬಾಕಿ!

ಆಮೇಲೆ ಕೂತು ಓದಿದೆ. ಅದಕ್ಕೇ ನನ್ನ ವಾದ ಇಷ್ಟು: ಶಾಬ್ಲಿಯಂಥದ್ದು ಬೇಕಾದರೆ ಕಿಟ್ಟಿನಲ್ಲಿ ಏನೇನು ಇದೆ ಅಂತ ನೋಡಬೇಡಿ, ಏನೇನು ಇಲ್ಲ ಅಂತ ನೋಡಿ. ಶಾಬ್ಲಿ ಇರೋದು ಬರ್ಗಂಡಿಯ ಉತ್ತರದ ತುದಿಯಲ್ಲಿ, ಸೆರೆನ್ ಅನ್ನೋ ಸಣ್ಣ ನದಿಯ ದಂಡೆಯಲ್ಲಿ. ಅಲ್ಲಿನ ಚಳಿಗೆ ಹಣ್ಣಿನಲ್ಲಿ ಹುಳಿ ಉಳಿಯತ್ತೆ. ನೆಲ ಸುಣ್ಣಕಲ್ಲಿನದ್ದು, ಸುಮಾರು 15 ಕೋಟಿ ವರ್ಷ ಹಳೆಯ ಪುಟಾಣಿ ಸಿಂಪಿಗಳ ಪಳೆಯುಳಿಕೆ ತುಂಬಿರುವಂಥದ್ದು. ಬಹಳ ಜನ ಸ್ಟೀಲ್ ಟ್ಯಾಂಕಿನಲ್ಲೇ ಮಾಡ್ತಾರೆ. ರಾವನೋ, ದೋವಿಸಾರಂಥ ಹೆಸರಾಂತ ಮನೆಯವರು ಮರದ ಪೀಪಾಯಿ ಬಳಸ್ತಾರೆ ನಿಜ, ಆದರೆ ಬಹುಪಾಲು ಹಳೆಯ ಪೀಪಾಯಿ, ಮರದ ರುಚಿ ಬಿಡದಂಥದ್ದು. ನಾನು ಹಾಕಿದ ಪುಡಿ ಇದ್ಯಾವುದಕ್ಕೂ ಸಂಬಂಧವೇ ಇಲ್ಲದ್ದು.

ಹಾಗಾಗಿ ಓಕ್ ಇಲ್ಲದ ಶಾರ್ಡನೆ ಕಿಟ್ ತಗೊಳ್ಳಿ. ಸಿಗದಿದ್ದರೆ ಓಕ್ ಪೊಟ್ಟಣವನ್ನು ಕಸಕ್ಕೆ ಹಾಕಿ, ಪಾಪ ಬರಲ್ಲ. ಕೊನೆಯಲ್ಲಿ ಸಿಹಿ ಸೇರಿಸುವ ಪೊಟ್ಟಣ ಇರುವ ಕಿಟ್ ಅಂತೂ ಬೇಡವೇ ಬೇಡ. ದುಡ್ಡು ಖರ್ಚು ಮಾಡಲೇಬೇಕು ಅಂದ್ರೆ ರಸದ ಚೀಲ ಎಷ್ಟು ಲೀಟರ್ ಇದೆ ನೋಡಿ, ಚೀಲ ದೊಡ್ಡದಾದಷ್ಟೂ ನೀವು ಬೆರೆಸುವ ನೀರು ಕಮ್ಮಿ. ಹೈಡ್ರೋಮೀಟರ್ 0.996ಕ್ಕಿಂತ ಕೆಳಗಿಳಿದು ಅಲ್ಲೇ ನಿಂತು, ನೀವು ಸಿಹಿ ಸೇರಿಸದಿದ್ದರೆ ಸಾರ್ಬೇಟ್ ಬೇಕಾಗಿಲ್ಲ. ಸಲ್ಫೈಟ್ ಮಾತ್ರ ಬಿಡಬೇಡಿ.

ಇನ್ನೊಂದು ಅಧಿಕಪ್ರಸಂಗ ಮಾಡೋಕೆ ಹೋಗಿದ್ದೆ. ಶಾಬ್ಲಿಯಲ್ಲಿ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಬಳಸಿ ಮ್ಯಾಲಿಕ್ ಹುಳಿಯನ್ನು ಲ್ಯಾಕ್ಟಿಕ್ ಹುಳಿಯಾಗಿ ಬದಲಿಸ್ತಾರೆ, ನಾನೂ ಅದನ್ನೇ ಮಾಡ್ಬಿಡೋಣ ಅಂತ. ಕಿಟ್ಟಿಗೆ ಅದು ಬೇಡ. ರಸದ ಹುಳಿಯನ್ನು ತಯಾರಿಸುವವರೇ ಹೊಂದಿಸಿರ್ತಾರೆ. ಅದರ ಮೇಲೆ ಸಾರ್ಬೇಟೂ ಬಿದ್ದಿದ್ದರೆ ಜೆರೇನಿಯಂ ಎಲೆ ಜಜ್ಜಿದಂಥ ವಾಸನೆ ಬರತ್ತೆ, ಮತ್ತೆ ಹೋಗಲ್ಲ.

ಹೆಸರಿನ ಬಗ್ಗೆಯೂ ನನಗೆ ತಕರಾರಿದೆ. ಕೆನಡಾದಲ್ಲಿ ಬಹಳ ಕಾಲ ಇಲ್ಲಿನ ವೈನಿಗೇ ‘ಶಾಬ್ಲಿ’ ಅಂತ ಚೀಟಿ ಅಂಟಿಸಿ ಮಾರ್ತಿದ್ದರು. 2003ರಲ್ಲಿ ಯುರೋಪಿನ ಜೊತೆ ಒಪ್ಪಂದವಾಗಿ, 2013ರ ಕೊನೆಗೆ ಅದು ನಿಂತಿತು. ಒಳ್ಳೇದೇ ಆಯ್ತು. ಮೈಸೂರು ಪಾಕನ್ನು ಯಾರು ಎಲ್ಲಿ ಬೇಕಾದರೂ ಮಾಡಲಿ, ಆದರೆ ನಂಜನಗೂಡು ರಸಬಾಳೆ ಅಂತ ಬೇರೆ ಬಾಳೆಹಣ್ಣು ಕೊಟ್ಟರೆ ನಾವು ಸುಮ್ಮನಿರ್ತೀವಾ? ಊಟಕ್ಕೆ ಕರೆದಾಗ ನಾನು ಹೇಳಿದ್ದೂ ಅಂಥದ್ದೇ ಸುಳ್ಳು.

ಜನವರಿಯಲ್ಲಿ ಎರಡನೇ ಸಲ ಹಾಕಿದೆ. ಓಕ್ ಇಲ್ಲ, ಸಿಹಿ ಇಲ್ಲ, ಬೇಸ್‌ಮೆಂಟಿನ ತಣ್ಣಗಿನ ಮೂಲೆ. ಕುದಿ ನಿಧಾನವಾಗಿ ಶುರುವಾಯ್ತು. ಆಗ ಅಪ್ಪ ಅಮ್ಮ ಇಲ್ಲೇ ಇದ್ದರು. ಬುರುಡೆಗೆ ಬೆಡ್‌ಶೀಟ್ ಹೊದಿಸಿದ್ದೆ, ಆದರೆ ಏರ್‌ಲಾಕಿನ ಗುಳುಗುಳು ಸದ್ದಿಗೆ ಏನು ಹೊದಿಸೋದು? ಅಪ್ಪ ಪೈಪ್ ಸೋರ್ತಿದೆ ಅಂತ ಟಾರ್ಚ್ ಹಿಡಿದು ಇಳಿದೇ ಬಿಟ್ಟರು. ನೋಡಿದರು, ಬೆಡ್‌ಶೀಟ್ ಮತ್ತೆ ಸರಿಯಾಗಿ ಹೊದಿಸಿ ಮೇಲೆ ಬಂದರು. ಒಂದು ಮಾತೂ ಆಡಲಿಲ್ಲ. ಮಾರನೇ ಬೆಳಿಗ್ಗೆ ಅಮ್ಮ ಮಾತ್ರ, ‘ಇಡ್ಲಿ ಹಿಟ್ಟು ಈ ಚಳೀಲಿ ಉಬ್ಬಲ್ಲ ಅಂತ ಒದ್ದಾಡ್ತಿದ್ದೀನಿ, ನಿಂದು ಹೇಗೋ ಉಬ್ಬಿತು?’ ಅಂದಳು.

ಅದನ್ನು ಆರು ತಿಂಗಳು ಮುಟ್ಟಬಾರದು ಅಂದುಕೊಂಡಿದ್ದೀನಿ. ಚೀಟಿಯ ಮೇಲೆ ‘ಬೇಸ್‌ಮೆಂಟ್ ಶಾರ್ಡನೆ’ ಅಂತಷ್ಟೇ ಬರೆದಿದ್ದೀನಿ. ಬೀರು ಅಂದವನಿಗೇ ಮೊದಲ ಬಾಟಲಿ. ಅಂದಹಾಗೆ ಕ್ರಿಸ್‌ಮಸ್‌ಗೆ ಮನೆಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಗೋಧಿ ಯಾಕೆ ಹಾಕ್ತೀರಿ ಅಂತ ಸ್ವಲ್ಪ ಹೇಳಿ ಮಾರಾಯ್ರೆ.