ಸ್ಟಾರ್ಟರ್ ಬಿಚ್ಚುವ ಮುನ್ನ
ಕೀಲಿ ತಿರುಗಿಸಿದಾಗ ‘ಟಕ್’ ಎಂದಷ್ಟೇ ಸದ್ದಾಗಿ ಎಂಜಿನ್ ಅಲುಗದಿದ್ದರೆ, ತಪ್ಪು ಸ್ಟಾರ್ಟರಿನದೇ ಎಂದು ತೀರ್ಮಾನಿಸುವುದು ಆತುರ. ಹೋಲಿಕೆಗೆ ನೋಡಿ: ಅನೇಕ ಮನೆಗಳ ಮುಖ್ಯ ಎಂಸಿಬಿ, ಅಂದರೆ ಹರಿವು ಮಿತಿಮೀರಿದರೆ ವಿದ್ಯುತ್ ಕಡಿಯುವ ಸ್ವಿಚ್, 32 ಆಂಪಿಯರಿನದು. ಸಣ್ಣ ಕಾರಿನ ಸ್ಟಾರ್ಟರ್ ಕೂಡ ಎಂಜಿನ್ ತಿರುಗಿಸುವ ಕೆಲವು ಕ್ಷಣಗಳಲ್ಲಿ 100 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಅದೂ ಬರಿಯ 12 ವೋಲ್ಟಿನಲ್ಲಿ. ಇಷ್ಟು ಹರಿವಿನಲ್ಲಿ ಓಮಿನ ನೂರನೇ ಒಂದು ಭಾಗದ ತಡೆಯೂ ಒಂದು ವೋಲ್ಟನ್ನು ನುಂಗುತ್ತದೆ. ಟರ್ಮಿನಲ್ಲಿನ ಕಿಲುಬು, ಸಡಿಲ ಅರ್ತ್ ತಂತಿ, ಇಷ್ಟೇ ಸಾಕು. ಆದ್ದರಿಂದ ಸ್ಪ್ಯಾನರಿಗಿಂತ ಮೊದಲು ಮಲ್ಟಿಮೀಟರ್. 12.6 ವೋಲ್ಟ್ ತೋರುವ ಬ್ಯಾಟರಿ ಗಟ್ಟಿಯಾಗಿ ನಿಂತು, ಸ್ಟಾರ್ಟರಿನ ಸೊಲೆನಾಯ್ಡಿಗೆ (ಮೋಟಾರಿಗೆ ವಿದ್ಯುತ್ ಬಿಡುವ ಸ್ವಿಚ್ಚಿಗೆ) ವಿದ್ಯುತ್ ತಲುಪಿಯೂ ಮೋಟಾರ್ ತಿರುಗದಿದ್ದರೆ ಮಾತ್ರ ಬಿಚ್ಚುವ ಮಾತು. ಆಗ ಬ್ಯಾಟರಿಯ ನೆಗೆಟಿವ್ ತಂತಿಯನ್ನೇ ಮೊದಲು ಕಳಚಬೇಕು. ಏಕೆಂದರೆ ಸ್ಟಾರ್ಟರಿನ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲಿರುವುದಿಲ್ಲ. ಅಡಿಗೆ ನುಸುಳಬೇಕಾದ ಕಾರಾದರೆ ಜಾಕ್ ಒಂದನ್ನೇ ನಂಬುವುದು ಜೀವವನ್ನೇ ಪಣಕ್ಕಿಟ್ಟಂತೆ. ಸ್ಟ್ಯಾಂಡ್ ಇಲ್ಲದ ಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ತಂತಿಗಳು, ಎರಡು ಮೂರು ಬೋಲ್ಟ್ ಕಳಚಿದರೆ ಸ್ಟಾರ್ಟರ್ ಕೈಗೆ ಬರುತ್ತದೆ, ಅಂದಾಜಿಗಿಂತ ಭಾರವಾಗಿಯೇ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಪಿನಿಯನ್ (ತುದಿಯ ಪುಟ್ಟ ಗಿಯರ್) ಹಲ್ಲುಗಳನ್ನು ಎಣಿಸಿ ಹೋಲಿಸಬೇಕು. ಖಾಲಿಯಾದ ರಂಧ್ರದಿಂದ ಫ್ಲೈವೀಲಿನ ಹಲ್ಲುಗಳು ಸವೆದಿವೆಯೇ ಎಂದು ನೋಡಲು ಇದೇ ಹೊತ್ತು. ಮರುಜೋಡಣೆಯಲ್ಲಿ ನೆಗೆಟಿವ್ ತಂತಿ ಕೊನೆಯದು.