ಹರಕೆ ಇಲ್ದ ಹೊರಡೊ ಒಂದ್ ದಿನ

ಅಕ್ಕಂದಿರಾ, ಅತ್ಗೆದಿರಾ, ವಸಿ ಲೆಕ್ಕ ಹಾಕಿ ನೋಡಿ. ಅಜ್ಜೀಪುರದಿಂದ ನಾವು ಹೆಂಗಸ್ರು ಬಸ್ ಹತ್ತದು ಯಾವಾಗ? ಮಾದಪ್ಪನ ಬೆಟ್ಟಕ್ಕ ಹರಕೆ ತೀರ್ಸಕ, ನೆಂಟ್ರ ಮನೆ ಮದುವೆಗ, ಇಲ್ಲಾಂದ್ರ ಕೊಳ್ಳೇಗಾಲದ ಆಸ್ಪತ್ರೆಗ. ಎಲ್ಲಿಗ್ ಹೋದ್ರೂ ಕೆಲ್ಸ ನಮ್ ಬೆನ್ನಿಗೇ ಬತ್ತದ. ಬೆಟ್ಟದಲ್ಲೂ ಮೂರ್ ಕಲ್ಲಿಟ್ಟು ಒಲೆ ಹೂಡಿ ಅನ್ನ ಬೇಯ್ಸೋರು ನಾವೇ. ಏನೂ ಕೆಲ್ಸ ಇಲ್ದ, ಸುಮ್ನ ಕೂತು ನೋಡ್ಕಂಡು ಬರಕ ಅಂತ ವರ್ಷಕ್ಕ ಒಂದ್ ದಿನ ಬ್ಯಾಡ್ವಾ? ಬೇಕೇ ಬೇಕು ಅಂತೀನಿ ನಾನು.

ಎಲ್ಲಿಗೆ ಅಂದ್ರ, ರಂಗನತಿಟ್ಟಿಗೆ. ಕೊಳ್ಳೇಗಾಲದಲ್ಲಿ ಮೈಸೂರ್ ಬಸ್ ಹಿಡುದು, ಮೈಸೂರಿಂದ ಶ್ರೀರಂಗಪಟ್ಟಣಕ್ಕ ಹೋದ್ರ ಅಲ್ಲೇ ಹತ್ರ. ಕಾವೇರಿ ನಡುವ ಮರ ತುಂಬ್ಕಂಡಿರೊ ಸಣ್ ಸಣ್ ನಡುಗಡ್ಡೆಗಳವು. ಹಕ್ಕಿ ವಿಚಾರ ಅರ್ದು ಕುಡ್ದಿದ್ದ ಸಲೀಂ ಅಲಿಯವ್ರ ಮಾತಿಗ ಬೆಲೆ ಕೊಟ್ಟು, ಮೈಸೂರ್ ಮಹಾರಾಜ್ರ ಕಾಲದಲ್ಲೇ, 1940ರಲ್ಲಿ, ಅದು ಪಕ್ಷಿಧಾಮ ಆಯ್ತು. ಪ್ರಪಂಚದಲ್ಲಿ ಉಳಿಸ್ಕಬೇಕಾದ ನೀರಿನ ಜಾಗಗಳ ರಾಮ್ಸಾರ್ ಪಟ್ಟಿಗ 2022ರಲ್ಲಿ ಸೇರ್ತು. ನಮ್ ರಾಜ್ಯದಿಂದ ಆ ಪಟ್ಟಿಗ ಸೇರಿದ್ರಲ್ಲಿ ಅದೇ ಮೊದಲ್ನೇದು.

ಆ ನಡುಗಡ್ಡೆ ಮ್ಯಾಲ ನಾವ್ಯಾರೂ ಕಾಲಿಡಂಗಿಲ್ಲ. ದೋಣೀಲಿ ಕೂತೇ ನೋಡ್ಬೇಕು. ನಾನು ತಂಗಿ ಜೊತೆ ಹೋಗಿದ್ದು ಮಾರ್ಚಿ ತಿಂಗ್ಳಲ್ಲಿ, ಗೂಡು ಕಟ್ಟಿ ಮರಿ ಮಾಡೊ ಕಾಲ. ಮರದ್ ತುಂಬ ಬಣ್ಣದ ಕೊಕ್ಕರೆ, ಚಮಚದಂಗ ಕೊಕ್ಕಿರೊ ಬಿಳಿ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ. ಬಾಯ್ಕಳಕ ಅಂತ ಒಂದದ, ಬಾಯಿ ಮುಚ್ಚಿದ್ರೂ ಕೊಕ್ಕಿನ ನಡುವ ಸಂದು ಹಂಗೇ ಇರ್ತದ. ಅದ್ರ ಊಟ ಬಸವನಹುಳ. ಬಂಡೆ ಮ್ಯಾಲ ಮೊಸಳೆ ಬಾಯ್ ತಕ್ಕಂಡು ಬಿಸ್ಲು ಕಾಯ್ಸ್ಕತಾ ಮಲಗಿದ್ದೊ.

ಅಲ್ಲಿ ನನಗ ಜಾಸ್ತಿ ಹಿಡಿಸಿದ್ದು ಬಣ್ಣದ ಕೊಕ್ಕರೆ ಸಂಸಾರ ಕಣ್ರವ್ವ. ಗಂಡು ಹೆಣ್ಣು ಎರಡೂ ಪಾಳಿ ಮ್ಯಾಲ ಕಾವು ಕೂರ್ತವ. ಒಂದು ಮೀನಿಗ ಹೋದ್ರ ಇನ್ನೊಂದು ಗೂಡು ಕಾಯ್ತದ. ಮರೀಗ ಉಣ್ಸದೂ ಇಬ್ರೂವೆ. ಬಿಸ್ಲು ಜೋರಾದ್ರ ರೆಕ್ಕೆ ಅಗಲಿಸಿ ಮರೀಗ ನೆರಳು ಮಾಡ್ತವ. ಇದ ನೋಡ್ತಾ ತಂಗಿ ಅಂದ್ಲು, "ನಮ್ಮನೇಲಿ ಪಾಳಿ ಅನ್ನದು ನಲ್ಲಿ ನೀರಿಗ ಮಾತ್ರ ಕಣಕ್ಕ." ನಕ್ಕೂ ನಕ್ಕೂ ಸಾಕಾಯ್ತು. ನಗು ನಿಂತ್ ಮ್ಯಾಲ ಆ ಮಾತು ದಿಟ ಅನ್ನಿಸ್ತು.

"ನಾವು ಹೋದ್ರ ಅಡ್ಗೆ ಯಾರ್ ಮಾಡಾರು, ಹಸ ಯಾರ್ ಕರುದಾರು?" ಅಂತೀರ. ಮದುವೆಗ ಎರಡ್ ದಿನ ಹೋದಾಗ ಯಾರೋ ಮಾಡ್ತಾರಲ್ಲ, ಅವ್ರೇ ಮಾಡ್ತಾರ. ದುಡ್ಡಿನ ಮಾತಂದ್ರ, ಬಸ್ ನಮಗ ಬಿಟ್ಟಿ. 2023ರಿಂದ ಶಕ್ತಿ ಯೋಜನೆ ಅದ. ಒಳಗ ಹೋಗಕ, ದೋಣಿಗ ಕೊಡೋದಷ್ಟೆ. ಊಟಕ್ಕ ಬುತ್ತಿ ಕಟ್ಕಂಡ್ರಾಯ್ತು. ಅಡ್ಡ ಬರದು ದುಡ್ಡಲ್ಲ. ಕಾರಣ ಇಲ್ದ ಹೊರಗ ಹೊರಟ್ರ ಊರವ್ರು ಏನಂದಾರು ಅನ್ನೊ ಅಳುಕು. ಆ "ಊರವ್ರಲ್ಲಿ" ಅರ್ಧ ನಾವೇ ಅಲ್ವಾ? ಪಕ್ಕದ್ಮನೆಯವ್ಳು ಹೊರಟ್ರ "ಇವಳ್ಗ ಮಾಡಕ ಬದುಕಿಲ್ವಾ" ಅನ್ನೊ ಮಾತ ನಾವು ಮೊದ್ಲು ಬುಡ್ಬೇಕು.

ಒಂದ್ ಮಾತು, ಹೋದ್ರ ಸದ್ದು ಮಾಡ್ಬ್ಯಾಡಿ. ಮೊಬೈಲ್ ಪದ ಬ್ಯಾಡ, ಒಬ್ಬರ್ನೊಬ್ರು ಕೂಗದು ಬ್ಯಾಡ, ಪ್ಲಾಸ್ಟಿಕ್ ಕವರು ಬಿಸಾಕದು ಬ್ಯಾಡ. ನಡುಗಡ್ಡೆ ಮ್ಯಾಲ ಜನ ಕಾಲಿಡದಂಗ ಬುಟ್ಟಿರದ್ರಿಂದ್ಲೇ ಆ ಹಕ್ಕಿಗಳು ನೆಮ್ಮದಿಯಾಗಿ ಮರಿ ಮಾಡ್ತವ. ಯಾರೂ ಬಂದು "ಟೀ ಆಯ್ತಾ" ಅಂತ ಕೇಳದಿರೊ ವಸಿ ಹೊತ್ತು ಸಿಕ್ಕುದ್ರ ನಮಗೂ ಅಷ್ಟೆ ಕಣ್ರವ್ವ.

ಈ ಸಲ ಸಂಕ್ರಾಂತಿ ಕಳುದ್ ಮ್ಯಾಲ ಹೋಗವ. ಬರೋರು ನಂಗ ಹೇಳಿ, ಚಿತ್ರಾನ್ನ ನಾನೇ ಕಟ್ಕ ಬತ್ತಿನಿ. ಪಾತ್ರೆ ತೊಳೆಯೋ ಪಾಳಿ ಮನೇಲಿರೋರ್ದು.